ಕಾಗೆಗೆ ಕೊಟ್ಟ ಮಾತು

ಬಾಡ ಎಂಬ ಊರಿನ ಮಾಬ್ಲೇಶ್ವರ ಬುದ್ಧಿ ಬಂದ ಮೇಲೆ ಓಡಿದವನಲ್ಲ. ಕುಮಟೆ ಪೇಟೆಯ ಒಂದು ಓಣಿಯಲ್ಲಿ ಹೊಲಿಗೆ ಮಶಿನ್ನಿನ ಮುಂದೆ ಕೂತೇ ಐವತ್ತು ದಾಟಿಸಿದ ದರ್ಜಿ ಅವನು. ಬಸ್ಸು ಹೊರಡುವುದು ಕಣ್ಣಿಗೆ ಕಂಡರೂ ನಡೆದೇ ಹೋಗುವವನು. ತಪ್ಪಿದರೆ ಅದು ನಮ್ಮದಲ್ಲ ಎಂದುಕೊಂಡು ಮುಂದಿನದಕ್ಕೆ ನಿಲ್ಲುವವನು. ಅಂಥ ಮನುಷ್ಯ ಆಷಾಢ ಕಳೆದಾಗಿನಿಂದ ದಿನಾ ನಸುಕಿನಲ್ಲಿ ನಾಯಿಯ ಹಗ್ಗ ಹಿಡಿದು ಕಡಲ ದಂಡೆಯಲ್ಲಿ ಓಡತೊಡಗಿದ. ತೊಡಲು ಹಳೆಯ ಪ್ಯಾಂಟೊಂದನ್ನು ಮೊಣಕಾಲಿಗೆ ಕತ್ತರಿಸಿ ತಾನೇ ಅಂಚು ಹೊಲಿದುಕೊಂಡ ಚಡ್ಡಿ. ಊರು ಮೊದಲು ನಕ್ಕಿತು. ಯಾಕೆಂದು ತಿಳಿದ ಮೇಲೆ ನಗುವುದನ್ನು ಬಿಟ್ಟಿತು.

ಆ ಓಟ ಅವನದಲ್ಲ, ಅವನ ಒಬ್ಬನೇ ಮಗ ಸುಮಿತನದು.

ಸುಮಿತ ಪೊಲೀಸ್ ಭರ್ತಿಗೆ ತಯಾರಾಗುತ್ತಿದ್ದ. ಬರೆಯುವ ಪರೀಕ್ಷೆಯ ಹೆದರಿಕೆ ಅವನಿಗಿರಲಿಲ್ಲ, ಮೈದಾನದ ಪರೀಕ್ಷೆಯದಿತ್ತು. ಮೊದಮೊದಲು ದಿನಾ ಜೀವ ಬಿಟ್ಟು ಓಡಿ ಬಂದು, ಮೀನಖಂಡ ನೋಯುತ್ತದೆಂದು ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಹೊನ್ನಾವರದಲ್ಲಿ ಹುಡುಗರಿಗೆ ಓಟ ಕಲಿಸುವ ಮಾಸ್ತರರೊಬ್ಬರು ಅವನನ್ನು ಬೈದು ತಿದ್ದಿದರು. ವಾರದಲ್ಲಿ ಒಂದೆರಡು ದಿನ ಗಟ್ಟಿಯಾಗಿ ಓಡು, ಉಳಿದ ದಿನವೆಲ್ಲ ಹಗೂರ ಓಡು, ಜೊತೆಗಿರುವವನ ಸಂಗಡ ಮಾತಾಡಲು ಉಸಿರು ಉಳಿಯಬೇಕು, ಅಷ್ಟು ಹಗೂರ ಎಂದರು. ಆದರೆ ಇಪ್ಪತ್ತೆರಡರ ಕಾಲಿಗೆ ಹಗೂರ ಎಂಬುದು ಎಲ್ಲಿ ಬರುತ್ತದೆ? ಅದಕ್ಕೆ ಸುಮಿತ ಕಂಡುಕೊಂಡ ಉಪಾಯವೇ ಮನೆಯ ನಾಯಿ ಪಾಂಡು. ಮೀನುಪೇಟೆಯ ಹಿಂದೆ ಮರಿಯಾಗಿದ್ದಾಗ ಸಿಕ್ಕಿದ್ದು. ಮಾಸಲು ಬಿಳಿ ಬಣ್ಣಕ್ಕೆ ಆ ಹೆಸರು ಬಂದಿತ್ತು. ದಂಡೆಯ ಮೇಲೆ ಎಳೆದಿಟ್ಟ ಪ್ರತಿ ದೋಣಿಯ ಬಳಿ ಅದು ನಿಲ್ಲಬೇಕು, ಏಡಿಯ ಬಿಲ ಮೂಸಬೇಕು, ಮತ್ತೆ ನಾಲ್ಕು ಮಾರು ಓಡಬೇಕು. ಅದನ್ನು ಕಟ್ಟಿಕೊಂಡು ಯಾರೂ ಜೋರಾಗಿ ಓಡಲಾರರು. ಹೀಗೆ ಹಗೂರದ ದಿನಗಳೆಲ್ಲ ಪಾಂಡುವಿನ ಪಾಲಿಗೆ ಬಂದವು. ಉಸಿರು ಹದದಲ್ಲಿದೆಯೇ ಎಂದು ನೋಡಲು ಸುಮಿತ ದಾರಿಯುದ್ದಕ್ಕೂ ನಾಯಿಯ ಸಂಗಡ ಮಾತಾಡುತ್ತ ಓಡುತ್ತಿದ್ದ.

ತಿರುಗಿ ಬಂದಾಗ ಮಾಬ್ಲೇಶ್ವರ ಜಗಲಿಯಲ್ಲಿ ಚಾ ಕುಡಿಯುತ್ತ ಕೂತಿರುತ್ತಿದ್ದ. "ನಾಯಿಗೆ ಕೆಲ್ಸ ಇಲ್ಲ, ಕೂರುಕೆ ಪುರುಸೊತ್ತಿಲ್ಲ ಹೇಳಿ ಗಾದೆ. ನಮ್ಮನೇಲಿ ಅಂಥವು ಎರಡುಂಟು" ಎನ್ನುತ್ತಿದ್ದ.

"ಎರಡರಲ್ಲಿ ಒಂದಕ್ಕೆ ಚಾ ಕೊಡು ಮತ್ತೆ, ಅಪ್ಪಾ" ಎಂದು ಸುಮಿತ ಪಕ್ಕದಲ್ಲೇ ಕೂರುತ್ತಿದ್ದ.

ಆಷಾಢದ ಮಳೆಯಲ್ಲಿ ಅವನಿಗೆ ಜ್ವರ ಬಂತು. ಇಲಿಜ್ವರವೆಂದು ಗೊತ್ತಾಗುವಷ್ಟರಲ್ಲಿ ಕಣ್ಣು ಅರಿಸಿನದಂತಾಗಿತ್ತು. ದೊಡ್ಡ ಆಸ್ಪತ್ರೆಗೆ ಕರೆದೊಯ್ದ ಅಂಬುಲೆನ್ಸಿನಲ್ಲೇ ಅವನು ಮುಖ ಮುಚ್ಚಿಸಿಕೊಂಡು ಹಿಂದೆ ಬಂದ.

ಹತ್ತನೆಯ ದಿನ ಕಡಲ ಬದಿಯಲ್ಲಿ ಮಾಬ್ಲೇಶ್ವರ ಮಗನಿಗೆ ಪಿಂಡವಿಟ್ಟ. ಅಪ್ಪನಿಗೆ ಮಗ ಇಡಬೇಕಾದದ್ದನ್ನು ಮಗನಿಗೆ ಅಪ್ಪ ಇಡುವಾಗ ಕೈ ಎಷ್ಟು ಭಾರವಾಗುತ್ತದೆಂಬುದನ್ನು ಇಟ್ಟವರೇ ಬಲ್ಲರು. ಕಾಗೆಗಳು ತೆಂಗಿನ ಗರಿಯ ಮೇಲೆ ನೆನೆಯುತ್ತ ಕೂತಿದ್ದವು. ಒಂದೂ ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸು ಹಿಂದೆ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಅದು ಯಾವುದೆಂದು ಉಳಿದವರು ಊಹಿಸಬೇಕು, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಮಾತು ಸರಿಬಿದ್ದರೆ ಕಾಗೆ ಬರುತ್ತದೆ. ಇದನ್ನು ನಮ್ಮ ಕಡೆ ಯಾರಿಗೂ ಯಾರೂ ಕಲಿಸುವುದಿಲ್ಲ. ತಾಯಿಯ ಹಾಲಿನೊಡನೆ ಬಂದುಬಿಡುತ್ತದೆ.

ಒಬ್ಬೊಬ್ಬರಾಗಿ ಹೇಳಿದರು. ಹೆಂಡತಿ ಮಂಗಲಾ ಅವನ ಹೆಸರಿನಲ್ಲಿ ಅಮ್ಮನವರಿಗೆ ಬೆಳ್ಳಿಯ ಕಣ್ಣು ಮಾಡಿಸುತ್ತೇನೆಂದಳು. ಅವಳ ತಮ್ಮ ವಿನೋದ, ರಂಪಣಿ ಬಲೆ ಎಳೆಯುವವನು, ಅಕ್ಕ ಬಾವನನ್ನು ಕೊನೆಯವರೆಗೆ ನೋಡಿಕೊಳ್ಳುತ್ತೇನೆಂದ. ಮಾಬ್ಲೇಶ್ವರ ಏನೇನೋ ಹೇಳಿದ. ಮಳೆ ಜೋರಾಯಿತು. ಪುರೋಹಿತರಾದ ಕೃಷ್ಣಾನಂದ ಭಟ್ಟರು ಪಂಚೆಯ ತುದಿ ಹಿಂಡಿಕೊಂಡು, ನಿಜದ ಕಾಗೆ ಬಾರದಿದ್ದಾಗ ಮಾಡುವಂತೆ ದರ್ಭೆಯಲ್ಲಿ ಕಾಗೆಯೊಂದನ್ನು ಹೆಣೆಯಲು ಕೈ ಹಾಕಿದರು. ಮಾಬ್ಲೇಶ್ವರ ಕೈಚಾಚಿ ಅವರನ್ನು ತಡೆದ. ಮಗ ಹುಲ್ಲಿನ ಬಾಯಿಂದ ಉಣ್ಣಬೇಕೇ?

"ಪಾಂಡುವನ್ನು ನಾ ಓಡಿಸ್ತೆ ಮಗಾ" ಎಂದ. "ನೀ ಓಡಿಸಿದ ಹಾಗೇ. ಒಂದು ದಿನವೂ ತಪ್ಪಿಸುದಿಲ್ಲ. ಅದರ ಜೀವ ಇರುವರೆಗೆ."

ಮಳೆ ಕಡಿಮೆಯಾಯಿತು. ಗರಿಯಿಂದ ಒಂದು ಕಾಗೆ ಇಳಿಯಿತು, ಅತ್ತಿತ್ತ ನೋಡಿ ಅನ್ನಕ್ಕೆ ಕೊಕ್ಕು ಹಾಕಿತು. ಹಿಂದೆಯೇ ಉಳಿದವೂ ಬಂದವು. ಮಂಗಲಾ ಗಂಡನ ಕಾಲು ಹಿಡಿದು ಅತ್ತಳು.

ಹೀಗೆ ಅವನ ಓಟ ಶುರುವಾದದ್ದು. ಮೊದಲ ದಿನಗಳಲ್ಲಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ನಾಯಿಯೇ ಮುಂದೆ ಹೋಗಿ, ಹಗ್ಗ ಬಿಗಿಯಾದ ಮೇಲೆ ತಿರುಗಿ ನೋಡಿ ಕಾಯುತ್ತಿತ್ತು. ಮಂಡಿ ಬಾತವು, ಮಂಗಲಾ ಉಪ್ಪಿನ ಶಾಖ ಕೊಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ಮೈ ಒಪ್ಪಿಕೊಂಡಿತು. ಮಗ ಹೇಳುತ್ತಿದ್ದ ಆ ಹದ ಅವನಿಗೂ ಸಿಕ್ಕಿತು. ಮಾತಾಡಲು ಅವನಿಗೆ ಏನೂ ತೋಚಲಿಲ್ಲ, ಆದ್ದರಿಂದ ಶಿವನಾಮ ಹೇಳುತ್ತ ಓಡಿದ. ನಾಮ ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿದು ನಿಧಾನಿಸುತ್ತಿದ್ದ. ಪಕ್ಕದೂರು ಹೊಲನಗದ್ದೆಯ ಕಡೆ ಸಾಗುವ ಆ ಒದ್ದೆ ಮರಳಿನ ಮೇಲೆ, ಬೆಳಕು ಹರಿಯುವ ಹೊತ್ತಿಗೆ, ಪಕ್ಕದಲ್ಲಿ ಯಾರೋ ಉಸಿರಿಗೆ ಉಸಿರು ಸೇರಿಸಿ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಹೊರಳಿ ನೋಡುತ್ತಿರಲಿಲ್ಲ. ನೋಡಿದರೆ ಇರುವುದಿಲ್ಲವೆಂದು ಗೊತ್ತಿತ್ತು. ಇಡೀ ದಿನದಲ್ಲಿ ಮಗನಿದ್ದದ್ದು ಅಷ್ಟು ಹೊತ್ತು ಮಾತ್ರ. ಉಳಿದ ಹೊತ್ತು ಅವನು ಬರಿದೇ ಬಟ್ಟೆ ಹೊಲಿಯುತ್ತಿದ್ದ.

ದೀಪಾವಳಿಯ ಸುಮಾರಿಗೆ ಪಾಂಡು ಕೆಮ್ಮತೊಡಗಿತು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿರಬೇಕೆಂದು ಮಂಗಲಾ ಬಾಳೆಹಣ್ಣು ನುಂಗಿಸಿದಳು. ಕೆಮ್ಮು ನಿಲ್ಲಲಿಲ್ಲ. ಪಕ್ಕೆಯ ಎಲುಬು ಕಾಣತೊಡಗಿದವು. ಒಂದು ಬೆಳಿಗ್ಗೆ ಓಡುತ್ತಿದ್ದ ನಾಯಿ ಕಾಲು ಸೋತು ಮರಳಿನ ಮೇಲೆ ಬಿದ್ದುಕೊಂಡು, ಬಾಲ ಮಾತ್ರ ಆಡಿಸಿತು. ಮಾಬ್ಲೇಶ್ವರ ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಹೊತ್ತು ಏರಿದ ಮೇಲೆ ರಿಕ್ಷಾ ಮಾಡಿಸಿಕೊಂಡು ಕುಮಟೆಗೆ ಹೋದ.

ಪಶುವೈದ್ಯೆ ದಿವ್ಯಶ್ರೀ ಇನ್ನೂ ಚಿಕ್ಕ ಪ್ರಾಯದವಳು. ರಕ್ತ ತೆಗೆದು ನೋಡಿ, ಎದೆಗೆ ಬಹಳ ಹೊತ್ತು ಕಿವಿಗೊಟ್ಟು, ಹೃದಯದಲ್ಲಿ ಹುಳ ತುಂಬಿದೆ ಎಂದಳು. ಸೊಳ್ಳೆ ಕಚ್ಚಿ ಬರುವಂಥದ್ದು, ದಾರದ ಎಳೆಯಂಥ ಹುಳ. ಈಗಿನದಲ್ಲ, ಒಂದೆರಡು ವರ್ಷದ್ದಾದರೂ ಇರಬೇಕು ಎಂದಳು. ದಾರದ ಎಳೆ ಎಂದಾಗ ದರ್ಜಿಯ ಕಣ್ಣಿಗೆ ಕಟ್ಟಿದಂತಾಯಿತು. ಸುಮಿತ ಓಡುತ್ತಿದ್ದಾಗಲೇ ಅದು ಒಳಗೆ ಸೇರಿ ಸುತ್ತಿಕೊಳ್ಳುತ್ತಿತ್ತು.

"ದಿನಾ ಓಡಿಸ್ತೀರಾ ಇದನ್ನ?"

"ಹಗೂರ ಓಡಿಸುದು, ಡಾಕ್ಟ್ರೆ."

"ಹಗೂರವೂ ಬೇಡ. ಮಾತ್ರೆಗೆ ಹುಳ ಸ್ವಲ್ಪ ಸ್ವಲ್ಪವಾಗಿ ಸಾಯ್ತದೆ. ಆಗ ನಾಯಿ ಓಡಿದ್ರೆ ಸತ್ತ ಹುಳ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ತದೆ, ಅಲ್ಲಿಗೆ ಮುಗೀತು. ವರ್ಷ ಕಳೀಬಹುದು ಗುಣ ಆಗೂಕೆ. ಅಲ್ಲಿವರೆಗೆ ಅಂಗಳದಲ್ಲಿ ನಾಲ್ಕು ಹೆಜ್ಜೆ, ಅಷ್ಟೇ. ಗುಣ ಆದ ಮೇಲೂ ಆ ಹೃದಯಕ್ಕೆ ಓಟ ಬೇಡ."

"ಓಡಿಸದಿದ್ರೆ ಬದುಕ್ತದಾ?"

"ಬದುಕಬಹುದು" ಎಂದಳು ಅವಳು. ಸುಳ್ಳು ಹೇಳುವವಳಂತೆ ಕಾಣಲಿಲ್ಲ.

ಮಾಬ್ಲೇಶ್ವರನಿಗೆ ಇನ್ನೊಂದು ಕೇಳಬೇಕಿತ್ತು, ಮಗನಿಗೆ ಕೊಟ್ಟ ಮಾತಿನ ಗತಿಯೇನೆಂದು. ಅದಕ್ಕೆ ಉತ್ತರ ಆ ಬಿಳಿ ಕೋಟಿನವಳ ಬಳಿ ಇರುವಂಥದ್ದಲ್ಲ ಎಂದುಕೊಂಡು ನಾಯಿಯನ್ನೆತ್ತಿಕೊಂಡು ಹೊರಟ.

ಮಂಗಲಾ ಎಲ್ಲವನ್ನೂ ಕೇಳಿ, ಒಲೆಯ ಬೂದಿ ಸರಿಸಿದಳು. "ನಾವು ಮಾತು ಕೊಟ್ಟದ್ದು ಡಾಕ್ಟ್ರಿಗೆ ಅಲ್ಲ" ಎಂದಳು. "ವರ್ಷ ತುಂಬುವರೆಗೆ ಅವ ದಾರಿಮೇಲೇ ಇರ್ತ. ಒಬ್ಬನೇ ಹೋಗುವ ದಾರಿ. ನಡುದಾರಿಲಿ ನೀವು ಹಗ್ಗ ಬಿಡ್ತ್ರಾ?"

"ನಾಯಿ ಸಾಯ್ತದೆ ಮಂಗಲಾ."

"ಸಾಯ್ಲಿ. ಅವನ ನಾಯಿ, ಅವನ ಹತ್ರ ಹೋಗ್ತದೆ."

ಹೇಳಿದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರಿಯಾಗಿದ್ದಾಗಿನಿಂದ ಅದಕ್ಕೆ ಗಂಜಿಯಲ್ಲಿ ಮೀನು ಕಿವುಚಿ ತಿನ್ನಿಸಿದ ಕೈ ಅವಳದೇ ಆಗಿತ್ತು. ಅವಳನ್ನು ಕಲ್ಲೆದೆಯವಳು ಎನ್ನಲು ಮಾಬ್ಲೇಶ್ವರನಿಗೆ ಬಾಯಿ ಬರಲಿಲ್ಲ. ಅವಳು ಆಡಿದ್ದು ಅವನ ಮನಸ್ಸಿನಲ್ಲೂ ಇದ್ದ ಮಾತೇ.

ಮಾರನೆಯ ದಿನದಿಂದ ಅವನು ನಾಯಿಯನ್ನು ಓಡಿಸಲಿಲ್ಲ, ನಡೆಸಿದ. ಬೇಲಿ ಬಾಗಿಲಾದ ದಣಪೆ ದಾಟಿ ನಾಲ್ಕು ಹೆಜ್ಜೆ ಹೋಗಿ ಹಿಂದೆ ಬರುವುದು. ಪಾಂಡು ಕಡಲಿನ ಕಡೆ ಎಳೆಯುತ್ತಿತ್ತು. ಅವನು ಮನೆಯ ಕಡೆ ಎಳೆಯುತ್ತಿದ್ದ. ಇದರಿಂದ ಮಾತು ಉಳಿಯಿತೋ ಅಳಿಯಿತೋ ಅವನಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ಬರುತ್ತಿದ್ದ ಆ ಉಸಿರು ಮಾತ್ರ ನಿಂತುಹೋಗಿತ್ತು.

ಕೃಷ್ಣಾನಂದ ಭಟ್ಟರ ಮನೆಗೆ ಹೋದ. ಭಟ್ಟರು ತಾಳ್ಮೆಯ ಮನುಷ್ಯರು. ಅವನನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಪೂರ್ತಿ ಕೇಳಿದರು. ಶಾಸ್ತ್ರದಲ್ಲಿ ಎಲ್ಲಕ್ಕೂ ಒಂದು ಬದಲಿ ಇದೆ, ಗೋವು ಕೊಡಲಾಗದವನು ತೆಂಗಿನಕಾಯಿ ಕೊಡಬಹುದು ಎಂದರು.

"ಆದರೆ ಮಾತಿಗೆ ಬದಲಿ ಇಲ್ಲ, ಮಾಬ್ಲೇಶ್ವರ. ಯಾರಿಗೆ ಕೊಟ್ಟಿದ್ಯೋ ಅವರ ಹತ್ರವೇ ಬಿಡಿಸ್ಕೊಳ್ಳಬೇಕು. ಮುಂದಿನ ಮಾಸಿಕದ ದಿನ ಪಿಂಡ ಇಟ್ಟು ಕೇಳು. ಕಾಗೆ ಮುಟ್ಟಿದ್ರೆ ಅವ ಬಿಟ್ಟ ಹೇಳಿ ಲೆಕ್ಕ."

"ಮುಟ್ಟದಿದ್ರೆ?"

ಭಟ್ಟರು ಜನಿವಾರ ಸರಿಮಾಡಿಕೊಂಡರು. ಅಪ್ಪ ಕೇಳಿದರೆ ಮಗ ಇಲ್ಲವೆನ್ನುವುದಿಲ್ಲ ಎಂದಷ್ಟೇ ಹೇಳಿದರು.

ಮಾಸಿಕದ ದಿನ ಮಾಬ್ಲೇಶ್ವರ ಅಂಗಡಿ ತೆರೆಯಲಿಲ್ಲ. ಮಿಂದು, ಒದ್ದೆ ಪಂಚೆಯಲ್ಲಿ ಕೂತು, ಭಟ್ಟರು ಹೇಳಿಸಿದ್ದೆಲ್ಲ ಹೇಳಿದ. ಮನೆಯ ಹಿಂದಿನ ತೆಂಗಿನ ಕಟ್ಟೆಯ ಮೇಲೆ ಬಾಳೆಲೆ ಹಾಸಿ ಪಿಂಡವಿಟ್ಟ. ಮಂಗಲಾ ಬಾಗಿಲಲ್ಲಿ ನಿಂತಳು. ಪಾಂಡುವನ್ನು ಒಳಗೆ ಕಟ್ಟಿದ್ದರು.

"ಮಗಾ, ನಾ ಸೋತೆ" ಎಂದ ಮಾಬ್ಲೇಶ್ವರ, ತೆಂಗಿನ ತಲೆಯ ಕಡೆ ಮುಖವೆತ್ತಿ. "ಓಡಿಸಿದ್ರೆ ಅದು ಉಳೀದಿಲ್ಲ. ನಿನ್ನ ನಾಯಿಯನ್ನು ನನ್ನ ಕೈಯಾರೆ ಕೊಲ್ಲಿಸಬೇಡ. ಮಾತಿಂದ ನನ್ನ ಬಿಡು."

ತೆಂಗಿನ ತಲೆ ಖಾಲಿಯಿತ್ತು. ದಿನಾ ಬೆಳಿಗ್ಗೆ ಮಂಗಲಾ ಒಂದು ತುತ್ತು ಎಸೆದರೆ ಮುಗಿಬೀಳುತ್ತಿದ್ದ ಕಾಗೆಗಳು ಅಂದು ಕಣ್ಣಿಗೇ ಬೀಳಲಿಲ್ಲ. ಕಾಯ್ದರು. ಇರುವೆ ಬಂದವು. ಭಟ್ಟರು 'ಕಾ ಕಾ' ಎಂದು ತಾವೇ ಕೂಗಿದರು. ಬಿಸಿಲು ಎಲೆಯ ಮೇಲೆ ಬಂದು, ಅನ್ನದ ಮೇಲ್ಪದರ ಒಣಗಿತು. ಮಾಬ್ಲೇಶ್ವರ ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದ, ಮತ್ತೊಮ್ಮೆ ಕೇಳಿದ. ಪ್ರತಿಸಲವೂ ದನಿ ಸಣ್ಣದಾಯಿತು. ಮಗನ ಮುಂದೆ ಇಷ್ಟು ಬೇಡಿದ್ದು ಅವನ ಜನ್ಮದಲ್ಲಿರಲಿಲ್ಲ.

ಹೊತ್ತು ನೆತ್ತಿಗೇರಿದಾಗ ವಿನೋದ ಬಂದ. ಮೈಯೆಲ್ಲ ಮೀನಿನ ಪರೆ ಅಂಟಿತ್ತು. ಮೈಲಿಗೆಯೆಂದು ಬೇಲಿಯ ಹೊರಗೇ ನಿಂತ. ಇಟ್ಟಲ್ಲೇ ಇದ್ದ ಪಿಂಡವನ್ನು ನೋಡಿ ಅವನಿಗೆ ವಿಷಯ ತಿಳಿಯಿತು.

"ಬಾವಾ, ಇವತ್ತು ಕಾಗೆಗೆ ಅನ್ನ ಯಾಕೆ ಬೇಕು? ರಂಪಣಿಗೆ ತಾರ್ಲೆ ಮೀನು ಬಿದ್ದದೆ, ದಂಡೆ ತುಂಬ. ಊರ ಕಾಗೆ ಎಲ್ಲ ಅಲ್ಲೇ ಉಂಟು. ನೀವು ಪಾಯಸ ಇಟ್ಟಿದ್ರೂ ಬತ್ತಿರಲಿಲ್ಲ" ಎಂದ. ಸಮಾಧಾನ ಮಾಡಲೆಂದೇ ಹೇಳಿದ್ದು ಅದು. ಅದರಲ್ಲಿ ಸ್ವಲ್ಪ ನಗೆಯನ್ನೂ ಸೇರಿಸಿದ್ದ.

ಮಂಗಲಾಳ ಮುಖ ತುಸು ಬೆಳಗಿತು. ಹಾಗಾದರೆ ಮಗ ಬೇಡವೆಂದದ್ದಲ್ಲ. ಭಟ್ಟರೂ ತಲೆಯಾಡಿಸಿದರು. ಮಾಬ್ಲೇಶ್ವರ ಮಾತ್ರ ಎದ್ದು, ಒದ್ದೆ ಪಂಚೆಯಲ್ಲೇ ದಂಡೆಯ ಕಡೆ ನಡೆದ.

ವಿನೋದ ಹೇಳಿದ್ದು ದಿಟವಾಗಿತ್ತು. ಬಲೆಯ ತುಂಬ ಬೆಳ್ಳಿ ಸುರಿದಂತೆ ತಾರ್ಲೆ, ಅದರ ಸುತ್ತ ಬುಟ್ಟಿ ಹಿಡಿದ ಹೆಂಗಸರು, ಜಗಳ, ನಗೆ. ಬಲೆಯ ಅಂಚಿನುದ್ದಕ್ಕೂ ಮರಳು ಕಾಣದಷ್ಟು ಕಾಗೆ. ತಿಂದು ಹಾರಲಾರದೆ ಬಾಯಿ ತೆರೆದು ಕೂತ ಕಾಗೆಗಳು. ಮಾಬ್ಲೇಶ್ವರ ಅವನ್ನೇ ನೋಡುತ್ತ ನಿಂತ. ಅವನ ತಲೆಯಲ್ಲಿ ಒಂದು ಮಾತು ಸೂಜಿಯಂತೆ ಇಳಿಯತೊಡಗಿತ್ತು.

ಇವತ್ತು ಮೀನಿದೆಯೆಂದು ಕಾಗೆ ಬಾರದೆ ಹೋದದ್ದಾದರೆ, ಅಂದು ಬಂದದ್ದು ಯಾಕೆ? ಅಂದು ಆಷಾಢ. ದೋಣಿಗಳು ದಡ ಹತ್ತಿದ್ದ ಕಾಲ. ದಂಡೆಯಲ್ಲಿ ಒಂದು ಮೀನಿನ ತಲೆಯೂ ಇರಲಿಲ್ಲ. ಮಳೆಯಲ್ಲಿ ನೆನೆದು ಹಸಿದು ಕೂತ ಕಾಗೆಗಳು ಮಳೆ ಕಡಿಮೆಯಾದಾಗ ಇಳಿದವು. ಅವನು ಪಾಂಡುವಿನ ಹೆಸರೆತ್ತಿದ್ದು ಅದೇ ಗಳಿಗೆಯಲ್ಲಿ. ಬೇರೆ ಏನು ಹೇಳಿದ್ದರೂ ಅವು ಇಳಿಯುತ್ತಿದ್ದವು. ಏನೂ ಹೇಳದಿದ್ದರೂ ಇಳಿಯುತ್ತಿದ್ದವು. ಹಾಗಾದರೆ ಅಂದು ಯಾರೂ ಏನನ್ನೂ ಕೇಳಿಸಿಕೊಂಡಿರಲಿಲ್ಲ. ಇಷ್ಟು ದಿನ ನಸುಕಿನಲ್ಲಿ ಪಕ್ಕದಲ್ಲಿ ಓಡಿ ಬಂದದ್ದು ತನ್ನದೇ ಏದುಸಿರು.

ಮಾತಿನಿಂದ ಬಿಡುಗಡೆ ಎಂದರೆ ಇದೇ. ಬೇಡಿಕೊಂಡದ್ದು ಕೈಗೆ ಬಂದಿತ್ತು. ಕೊಟ್ಟ ಮಾತೇ ಇಲ್ಲ, ಕಟ್ಟಿದ ಗಂಟೂ ಇಲ್ಲ, ನಾಯಿಯನ್ನು ಕಟ್ಟಿಹಾಕಿ ಮದ್ದು ಕೊಡುತ್ತ ಸುಖವಾಗಿರಬಹುದು. ಅವನಿಗೆ ಅಲ್ಲೇ ಕೂತುಬಿಡಬೇಕೆನ್ನಿಸಿತು. ಮಗ ಸತ್ತ ದಿನ ಅವನ ಎದೆಯಲ್ಲಿ ಒಂದು ಗೋಡೆ ಬಿದ್ದಿತ್ತು. ಇವತ್ತು ಅದರ ಆಚೆ ಮನೆಯೇ ಇರಲಿಲ್ಲವೆಂದು ಕಂಡಂತಾಯಿತು. ಮೀನು ಹೆಕ್ಕುತ್ತಿದ್ದ ಹೆಂಗಸೊಬ್ಬಳು ಅವನ ಪಂಚೆ, ಭಸ್ಮ ನೋಡಿ ಸರಿದು ದಾರಿ ಬಿಟ್ಟಳು.

ಅವನು ತಿರುಗಿ ಬರುವಷ್ಟರಲ್ಲಿ ಭಟ್ಟರು ದರ್ಭೆಯ ಕಾಗೆಯನ್ನು ಮುಟ್ಟಿಸಿ ಕರ್ಮ ಮುಗಿಸಿದ್ದರು. ಶಾಸ್ತ್ರಕ್ಕೆ ಎಲ್ಲವೂ ಸರಿಯಾಯಿತು, ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹೇಳಿ ಹೋದರು. ಮಂಗಲಾ ಎರಡು ತುತ್ತು ಉಂಡಳು. ಅವನು ಎಲೆಯ ಮುಂದೆ ಕೂತು ಎದ್ದ.

ಆ ದಿನವಿಡೀ ಅವನು ಜಗಲಿಯ ಕಂಬಕ್ಕೆ ಒರಗಿ ಯೋಚಿಸಿದ. ಯೋಚನೆ ಅವನಿಗೆ ಒಗ್ಗಿದ್ದಲ್ಲ. ದೇವರು ಇಟ್ಟಂತೆ ಇದ್ದವನು. ಆದರೂ ಒಂದೇ ಎಳೆಯನ್ನು ಹಿಡಿದು ಹಿಡಿದು ಹೋದ. ಹಸಿದ ಕಾಗೆಯ ಹಿಂದೆ ಯಾರೂ ಇಲ್ಲ. ಸಿಟ್ಟುಮಾಡಿಕೊಂಡು ಪಿಂಡ ಬಿಟ್ಟುಹೋದವನಾದರೆ ಎಲ್ಲೋ ಇದ್ದಾನೆ. ಎರಡರಲ್ಲಿ ಯಾವುದು ನಿಜವೆಂದು ಹೇಳಬಲ್ಲವರು ಬಾಡದಲ್ಲೂ ಇಲ್ಲ, ಗೋಕರ್ಣದಲ್ಲೂ ಇಲ್ಲ. ಹೀಗಿರುವಾಗ ಮನುಷ್ಯ ತನಗೆ ಹೊರಲು ಬರುವ ಭಾರವನ್ನೇ ಹೊರಬೇಕು. ಇಲ್ಲದ ಮಗನನ್ನು ಅವನು ಹೊರಲಾರ. ಮುನಿದ ಮಗನನ್ನು ಹೊರಬಲ್ಲ.

ಸಂಜೆಯ ದೀಪ ಹಚ್ಚುವಾಗ ದೇವರಿಗೆ ಕೈ ಮುಗಿದ. ಬೇಡಲು ಏನೂ ಉಳಿದಿರಲಿಲ್ಲ, ಅಭ್ಯಾಸಕ್ಕೆ ಮುಗಿದದ್ದು.

ಮರುದಿನ ನಸುಕಿನಲ್ಲಿ ಪಾಂಡು ಎಂದಿನಂತೆ ಎದ್ದು ಬಾಗಿಲು ಕೆರೆಯಿತು. ಅವನು ಬಾಗಿಲು ತೆರೆದ. ನಾಯಿ ಅಂಗಳ ದಾಟಿ ದಣಪೆಯ ಬಳಿ ಹೋಗಿ ನಿಂತು, ಮೈ ನಡುಗಿಸುತ್ತ ತಿರುಗಿ ನೋಡಿತು. ಮಾಬ್ಲೇಶ್ವರ ಹೋಗಿ ದಣಪೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ನಾಲ್ಕು ಹೆಜ್ಜೆ ನಡೆಸುವ ಆಟವನ್ನೂ ಅಂದು ಆಡಲಿಲ್ಲ.

ಮಂಗಲಾ ಹೊರಗೆ ಬಂದಳು. "ಹೊರಡ್ಲಿಲ್ವಾ?"

"ಇಲ್ಲ. ಇನ್ನು ಹೊರಡುದಿಲ್ಲ."

"ಭಟ್ರು ಹೇಳಿದ್ರಲ್ಲ, ಅದು ಮೀನಿಂದಾಗಿ ಹೇಳಿ. ಅವ ಬೇಡ ಹೇಳಲಿಲ್ಲ. ಮುಂದಿನ ತಿಂಗಳು ಇನ್ನೊಂದ್ಸಲ ಕೇಳುವ."

"ಅವ ಬೇಡ ಹೇಳಿದ್ದ" ಎಂದ ಮಾಬ್ಲೇಶ್ವರ. "ಬಿಡುದಿಲ್ಲ ಹೇಳಿದ್ದ. ನಾನೇ ತಪ್ಪಿದೆ. ಗೊತ್ತಿದ್ದೇ ತಪ್ಪಿದೆ."

ಅವಳು ಅವನನ್ನು ನೋಡಿದಳು. ಗಂಡ ಹಾಗೇಕೆ ಹೇಳುತ್ತಿದ್ದಾನೆಂದು ಅವಳಿಗೆ ಅರ್ಥವಾದಂತೆ ಕಾಣಲಿಲ್ಲ. ಅವನು ತಿಳಿಸಿ ಹೇಳಲೂ ಇಲ್ಲ. ಅವಳ ಪಾಲಿಗೆ ಕಾಗೆಯಲ್ಲಿ ಮಗ ಇನ್ನೂ ಇದ್ದ, ಅದು ಹಾಗೇ ಇರಲಿ. ಅವಳು ಒಳಗೆ ಹೋದಳು.

ಪಾಂಡು ಅವನ ತೊಡೆಯ ಮೇಲೆ ಹತ್ತಿ ಆಚೆ ಹಾರಲು ನೋಡಿತು. ಅವನು ಎರಡೂ ಕೈಯಿಂದ ಅದನ್ನು ಅವುಚಿ ಹಿಡಿದ. ಅದರ ಎದೆ ಅವನ ಅಂಗೈಯಲ್ಲಿ ಅಡ್ಡಾದಿಡ್ಡಿಯಾಗಿ ಬಡಿಯುತ್ತಿತ್ತು. ಅದು ಕೊಸರಿತು, ಕುಂಯ್‌ಗುಟ್ಟಿತು, ಒಮ್ಮೆ ಅವನ ಕೈಗೆ ಹಲ್ಲನ್ನೂ ತಾಗಿಸಿತು, ಕಚ್ಚಲಿಲ್ಲ. ಆಚೆ ಕಡಲು ಮೊರೆಯುತ್ತಿತ್ತು. ಬೆಳಕಾಗುತ್ತಿತ್ತು. ನಾಳೆಯೂ ನಾಯಿ ಏಳುತ್ತದೆ, ನಾಡಿದ್ದೂ ಏಳುತ್ತದೆ, ದಿನಾ ಅದಕ್ಕೆ ಇಲ್ಲವೆನ್ನಬೇಕು, ಅದು ಬದುಕಿರುವಷ್ಟು ದಿನವೂ.

"ಸಿಟ್ಟು ಮಾಡ್ಕೊ ಮಗಾ" ಎಂದ ಅವನು, ನಾಯಿಯ ಕಿವಿಯ ಬಳಿ, ಅದಕ್ಕೂ ಕೇಳಿಸದಷ್ಟು ಮೆಲ್ಲಗೆ. "ಮಾಡ್ಕೊ. ಬಿಡಬೇಡ."

ನಾಯಿ ಮತ್ತೊಮ್ಮೆ ಕೊಸರಿತು. ಅವನು ಹಿಡಿತ ಸಡಿಲಿಸಲಿಲ್ಲ.